ಚೆಂದದ ದೃಶ್ಯದ ಮೇಲೆ ನಂಬಿಕೆ ಹೋದಾಗ: ಯುದ್ಧಾನಂತರದ ಜರ್ಮನ್ ಸಿನಿಮಾ

ಯುದ್ಧ ಮುಗಿದ 1945ರಲ್ಲಿ ಬರ್ಲಿನ್ ಅಂದರೆ ಕಲ್ಲುಮಣ್ಣಿನ ಗುಡ್ಡೆ. ದೇಶವನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ನಾಲ್ಕು ಪಾಲು ಮಾಡಿಕೊಂಡಿದ್ದವು. ಅಂಥ ಹೊತ್ತಲ್ಲಿ ವೋಲ್ಫ್‌ಗಾಂಗ್ ಷ್ಟೌಡ್ಟೆ ಎಂಬ ನಿರ್ದೇಶಕರು ಒಂದು ಚಿತ್ರಕಥೆ ಹಿಡಿದುಕೊಂಡು ಸೇನಾಧಿಕಾರಿಗಳ ಬಾಗಿಲು ತಟ್ಟುತ್ತಿದ್ದರು. ಪಶ್ಚಿಮದವರು ಒಪ್ಪಲಿಲ್ಲ. ಜರ್ಮನ್ನರ ಕೈಗೆ ಇಷ್ಟು ಬೇಗ ಕ್ಯಾಮೆರಾ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಸೋವಿಯತ್ ಅಧಿಕಾರಿಗಳು ಒಪ್ಪಿದರು, ಆದರೆ ಕೊನೆ ಬದಲಾಯಿಸಿ ಅಂದರು. ಷ್ಟೌಡ್ಟೆ ಬರೆದಿದ್ದ ಕಥೆಯಲ್ಲಿ ನಾಯಕ ಯುದ್ಧಾಪರಾಧಿಯೊಬ್ಬನನ್ನು ತಾನೇ ಕೊಂದುಬಿಡುತ್ತಾನೆ. ಇದನ್ನು ನೋಡಿ ಜನ ಬೀದಿಯಲ್ಲೇ ಲೆಕ್ಕ ತೀರಿಸಿಕೊಳ್ಳಲು ಹೊರಟರೆ ಏನು ಗತಿ? ಹಾಗಾಗಿ ಅಪರಾಧಿಯನ್ನು ಕಾನೂನಿಗೆ ಒಪ್ಪಿಸುವಂತೆ ಕಥೆ ತಿದ್ದಲಾಯಿತು.

ಆ ಚಿತ್ರವೇ ‘ದ ಮರ್ಡರರ್ಸ್ ಆರ್ ಅಮಂಗ್ ಅಸ್’. 1946ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ಯುದ್ಧದ ನಂತರದ ಮೊದಲ ಜರ್ಮನ್ ಕಥಾಚಿತ್ರ. ಅದೇ ವರ್ಷ ಮೇ ತಿಂಗಳಲ್ಲಿ ಸೋವಿಯತ್ ವಲಯದಲ್ಲಿ ಹುಟ್ಟಿದ ಡೆಫಾ ಎಂಬ ಸಂಸ್ಥೆ ಇದನ್ನು ತಯಾರಿಸಿತು.

ಕಥೆ ಸರಳ. ಸುಸಾನೆ ಎಂಬ ಯುವತಿ ಯಾತನಾ ಶಿಬಿರದಿಂದ ಬಿಡುಗಡೆಯಾಗಿ ಮನೆಗೆ ಬರುತ್ತಾಳೆ. ಅವಳ ಮನೆಯಲ್ಲಿ ಮೆರ್ಟೆನ್ಸ್ ಎಂಬ ವೈದ್ಯ ಸೇರಿಕೊಂಡಿದ್ದಾನೆ. ಯುದ್ಧದಲ್ಲಿ ಕಂಡದ್ದನ್ನು ಮರೆಯಲಾಗದೆ ಕುಡಿತಕ್ಕೆ ಬಿದ್ದವನು ಅವನು. 1942ರ ಕ್ರಿಸ್‌ಮಸ್ ಮುನ್ನಾದಿನ ಪೋಲೆಂಡಿನ ಹಳ್ಳಿಯೊಂದರಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ ಅವನ ಮೇಲಧಿಕಾರಿ ಬ್ರ್ಯೂಕ್ನರ್ ಈಗ ಅದೇ ಊರಿನಲ್ಲಿ ಸುಖವಾಗಿದ್ದಾನೆ. ಕಾರ್ಖಾನೆ ಇಟ್ಟಿದ್ದಾನೆ. ಅಲ್ಲಿ ಸೈನಿಕರ ಉಕ್ಕಿನ ಶಿರಸ್ತ್ರಾಣ ತಟ್ಟಿ ಅಡುಗೆ ಪಾತ್ರೆ ಮಾಡುತ್ತಾರೆ. ಒಂದು ದೃಶ್ಯದಲ್ಲಿ ಅವನು ನೆಮ್ಮದಿಯಾಗಿ ಬ್ರೆಡ್ ತಿನ್ನುತ್ತಿರುತ್ತಾನೆ. ಅವನ ಮುಂದಿರುವ ಪತ್ರಿಕೆಯ ತಲೆಬರಹ, ಇಪ್ಪತ್ತು ಲಕ್ಷ ಜನರನ್ನು ವಿಷಾನಿಲದಿಂದ ಕೊಂದ ಸುದ್ದಿ. ಅವನಿಗೆ ಅದು ಕಾಣುವುದೇ ಇಲ್ಲ.

ಇಷ್ಟು ಧೈರ್ಯದ ಚಿತ್ರದಲ್ಲೂ ಒಂದು ತೊಡಕಿದೆ. ಇದರ ಛಾಯಾಗ್ರಾಹಕರಲ್ಲಿ ಒಬ್ಬರಾದ ಫ್ರೀಡ್ಲ್ ಬೇನ್-ಗ್ರುಂಡ್, 1941ರಲ್ಲಿ, ರೋಗಿಗಳನ್ನೂ ಅಂಗವಿಕಲರನ್ನೂ ಕೊಲ್ಲುವ ನಾಜಿಗಳ ‘ದಯಾಮರಣ’ ಯೋಜನೆಗೆ ಜನರ ಮನಸ್ಸು ಹದ ಮಾಡಲು ತೆಗೆದ ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದವರು. ಸ್ವತಃ ಷ್ಟೌಡ್ಟೆ, ಯೆಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡ ‘ಜೂಡ್ ಜ್ಯೂಸ್’ (1940) ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದರು. ಶಿಬಿರದಿಂದ ಬಂದ ಸುಸಾನೆಯಾಗಿ ನಟಿಸಿದ ಹಿಲ್ಡೆಗಾರ್ಡ್ ಕ್ನೆಫ್ ತೆರೆಯ ಮೇಲೆ ಲಕಲಕ ಹೊಳೆಯುತ್ತಾರೆ. ಅವಳು ಪಟ್ಟ ಪಾಡಿನ ಬಗ್ಗೆ ಚಿತ್ರ ಹೆಚ್ಚೇನೂ ಕೇಳುವುದಿಲ್ಲ. ಮನೆ ಗುಡಿಸುವುದು, ಗಂಡಸಿನ ಗಾಯಕ್ಕೆ ಮುಲಾಮು ಹಚ್ಚುವುದು ಅವಳ ಕೆಲಸ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು, ಆದರೆ ಕೇಳಿದ್ದು ಹಳೆಯ ಸ್ಟುಡಿಯೊದ ಭಾಷೆಯಲ್ಲಿ.

ಮುಂದಿನ ನಲವತ್ತು ವರ್ಷದ ಜರ್ಮನ್ ಸಿನಿಮಾದ ಜಗಳವೆಲ್ಲ ಈ ಭಾಷೆಯ ಸುತ್ತಲೇ ನಡೆಯಿತು ಎಂದು ನನಗನ್ನಿಸುತ್ತದೆ. ಕಥೆ ಏನು ಹೇಳುತ್ತದೆ ಅನ್ನುವುದರ ಜೊತೆಗೆ, ಕ್ಯಾಮೆರಾ ಎಲ್ಲಿ ನಿಂತಿದೆ, ಸಂಗೀತ ಯಾವಾಗ ಶುರುವಾಗುತ್ತದೆ, ದೃಶ್ಯವನ್ನು ಎಲ್ಲಿ ಕತ್ತರಿಸಿದ್ದಾರೆ ಅನ್ನುವುದೂ ಅಲ್ಲಿ ರಾಜಕೀಯವೇ ಆಗಿತ್ತು.

ಯಾಕೆ ಹಾಗೆ? ನಾಜಿ ಆಡಳಿತದ ಹನ್ನೆರಡು ವರ್ಷಗಳಲ್ಲಿ ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಕಥಾಚಿತ್ರಗಳು ತಯಾರಾದವು. ಅವುಗಳಲ್ಲಿ ನೇರ ಪ್ರಚಾರದ ಚಿತ್ರಗಳು ಸ್ವಲ್ಪವೇ. ಉಳಿದದ್ದೆಲ್ಲ ಹಾಡು, ನಗು, ಪ್ರೇಮ, ಕಣ್ಣೀರು. ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. ಬೆಳಕು ನುಣುಪಾಗಿರಬೇಕು, ಸಂಗೀತ ಮನಸ್ಸನ್ನು ಎತ್ತಿಕೊಂಡು ಹೋಗಬೇಕು, ನೋಡುವವನಿಗೆ ಯೋಚಿಸಲು ಪುರುಸೊತ್ತು ಸಿಗಬಾರದು. ಹೊರಗೆ ರೈಲುಗಳು ಶಿಬಿರಗಳಿಗೆ ಹೋಗುತ್ತಿದ್ದಾಗ ಒಳಗೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗಿದ್ದ ಮೇಲೆ ಮುಂದಿನ ಪೀಳಿಗೆಗೆ ಬರೀ ಪ್ರಚಾರ ಚಿತ್ರದ ಮೇಲಲ್ಲ, ಚೆಂದವಾಗಿ ತೆಗೆದ ಯಾವುದೇ ದೃಶ್ಯದ ಮೇಲೂ ಗುಮಾನಿ ಹುಟ್ಟಿದ್ದು ಸಹಜ, ಅಲ್ವಾ?

ಹಸಿರು ಬಯಲು, ಮುಚ್ಚಿದ ಬಾಯಿ

ಆದರೆ ಆ ಪೀಳಿಗೆ ಇನ್ನೂ ಶಾಲೆಯಲ್ಲಿತ್ತು. 1949ರಲ್ಲಿ ದೇಶ ಎರಡಾಯಿತು. ಪಶ್ಚಿಮದಲ್ಲಿ ಐವತ್ತರ ದಶಕವೆಂದರೆ ದುಡಿಮೆ, ದುಡ್ಡು, ಹೊಸ ಫ್ರಿಜ್ಜು, ಹೊಸ ಕಾರು. ಹಿಂದಿನದರ ಬಗ್ಗೆ ಮನೆಯಲ್ಲೂ ಮಾತಿಲ್ಲ, ಶಾಲೆಯಲ್ಲೂ ಮಾತಿಲ್ಲ. ಥಿಯೇಟರುಗಳಲ್ಲಿ ಹೈಮಾಟ್ ಚಿತ್ರಗಳ ಸುಗ್ಗಿ. ಹೈಮಾಟ್ ಅಂದರೆ ತವರು, ಹುಟ್ಟೂರು. ಹಸಿರು ಗುಡ್ಡ, ಜಾತ್ರೆ, ಜನಪದ ಉಡುಗೆ, ಕಾಡಿನ ಅಧಿಕಾರಿ, ಅವನನ್ನು ಪ್ರೀತಿಸುವ ಹುಡುಗಿ. ಬಾಂಬಿನ ಗುರುತೇ ಇಲ್ಲದ ಭೂಮಿ.

ಇವನ್ನು ಸುಮ್ನೆ ಹಗುರ ಮನರಂಜನೆ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. 1951ರ ‘ಗ್ರ್ಯೂನ್ ಇಸ್ಟ್ ಡೀ ಹೈಡೆ’ಯನ್ನೇ ನೋಡಿ. ಕೋಟಿಗೂ ಮಿಕ್ಕಿ ಜನ ನೋಡಿದ ಚಿತ್ರ. ಅದರಲ್ಲಿ ಪೂರ್ವದ ಸೀಮೆಯಲ್ಲಿ ಜಮೀನು ಕಳೆದುಕೊಂಡು ಬಂದ ಹಿರಿಯನೊಬ್ಬ ಬೇರೆಯವರ ಕಾಡಿನಲ್ಲಿ ಕದ್ದು ಬೇಟೆಯಾಡುತ್ತಾನೆ. ಯುದ್ಧದ ನಂತರ ಪೂರ್ವದಿಂದ ಹೊರದೂಡಲ್ಪಟ್ಟ ಜರ್ಮನ್ನರು ಸುಮಾರು 1.2 ಕೋಟಿ. ಅವರ ನೋವು ನಿಜ. ಚಿತ್ರ ಅದನ್ನು ಮುಟ್ಟುತ್ತದೆ. ಆದರೆ ಅವರು ಯಾಕೆ ಓಡಿ ಬರಬೇಕಾಯಿತು, ಯುದ್ಧ ಶುರು ಮಾಡಿದವರು ಯಾರು ಎಂಬ ಪ್ರಶ್ನೆ ಬರುವ ಹೊತ್ತಿಗೆ ಯಾರೋ ಹಾಡು ಶುರು ಮಾಡುತ್ತಾರೆ. ಕಳೆದುಕೊಂಡವರ ಅಳುವಿಗೆ ಜಾಗವಿತ್ತು, ಇವರಿಂದ ಎಲ್ಲವನ್ನೂ ಕಳೆದುಕೊಂಡವರಿಗೆ ಜಾಗವಿರಲಿಲ್ಲ.

‘ಜೂಡ್ ಜ್ಯೂಸ್’ ತೆಗೆದ ಫೈಟ್ ಹಾರ್ಲಾನ್ ಕೂಡ ಆಗ ಮತ್ತೆ ಚಿತ್ರ ಮಾಡುತ್ತಿದ್ದ. ಆ ಚಿತ್ರವನ್ನು ತನ್ನ ಎಸ್‌ಎಸ್ ಪಡೆಗೂ ಪೊಲೀಸರಿಗೂ ತೋರಿಸಲು ಹಿಂದೆ ನಾಜಿ ನಾಯಕ ಹಿಮ್ಲರ್ ಆಜ್ಞೆ ಮಾಡಿದ್ದ. ಹ್ಯಾಂಬರ್ಗ್‌ನ ನ್ಯಾಯಾಲಯ, ಆ ಚಿತ್ರಕ್ಕಾಗಿ ವಿಚಾರಣೆ ಎದುರಿಸಿದ ಹಾರ್ಲಾನ್‌ನನ್ನು ಬಿಡುಗಡೆ ಮಾಡಿತು. ಅವನ ಹೊಸ ಚಿತ್ರವನ್ನು ಬಹಿಷ್ಕರಿಸಿ ಎಂದು 1950ರಲ್ಲಿ ಎರಿಕ್ ಲ್ಯೂತ್ ಎಂಬ ಹ್ಯಾಂಬರ್ಗ್ ಅಧಿಕಾರಿ ಕರೆ ಕೊಟ್ಟರು. ಸಿನಿಮಾ ಕಂಪನಿಗಳು ಅವರ ಮೇಲೆ ಕೇಸು ಹಾಕಿ ಕೆಳ ಕೋರ್ಟಿನಲ್ಲಿ ಗೆದ್ದವು. 1958ರ ಜನವರಿಯಲ್ಲಿ ಸಾಂವಿಧಾನಿಕ ನ್ಯಾಯಾಲಯ ಲ್ಯೂತ್ ಪರ ತೀರ್ಪು ಕೊಟ್ಟಿತು. ಜರ್ಮನಿಯ ವಾಕ್ ಸ್ವಾತಂತ್ರ್ಯದ ಅಡಿಗಲ್ಲು ಅನ್ನಿಸಿಕೊಂಡ ತೀರ್ಪು ಅದು. ಕಾನೂನು ಓದುವವರಿಗೆ ಈ ಹೆಸರು ಗೊತ್ತಿರುತ್ತದೆ, ಅದು ಹುಟ್ಟಿದ್ದು ಒಂದು ಸಿನಿಮಾ ಜಗಳದಿಂದ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ.

ಒಬರ್‌ಹೌಸನ್ ಮತ್ತು ದುಡ್ಡಿನ ಪ್ರಶ್ನೆ

1956ರಲ್ಲಿ ಪಶ್ಚಿಮ ಜರ್ಮನಿಯಲ್ಲಿ 80 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಆರು ವರ್ಷದಲ್ಲಿ ಅದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಮನೆಮನೆಗೆ ಟಿವಿ ಬಂದಿತ್ತು. 1961ರಲ್ಲಂತೂ ಸರ್ಕಾರದ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿಯನ್ನು ಯಾವ ಚಿತ್ರಕ್ಕೂ ಕೊಡಲಿಲ್ಲ.

1962ರ ಫೆಬ್ರವರಿ 28ರಂದು ರೂರ್ ಪ್ರದೇಶದ ಕೈಗಾರಿಕಾ ಊರು ಒಬರ್‌ಹೌಸನ್‌ನಲ್ಲಿ, ಕಿರುಚಿತ್ರೋತ್ಸವದ ಸಮಯದಲ್ಲಿ 26 ಜನ ಒಂದು ಪುಟ್ಟ ಹೇಳಿಕೆ ಓದಿದರು. ಹಳೆಯ ಸಿನಿಮಾ ಸತ್ತಿದೆ, ನಮಗೆ ಹೊಸದರಲ್ಲಿ ನಂಬಿಕೆ ಎಂಬುದು ಅದರ ಸಾರ. ಸಹಿ ಹಾಕಿದವರಲ್ಲಿ ಅಲೆಕ್ಸಾಂಡರ್ ಕ್ಲೂಗೆ, ಎಡ್ಗರ್ ರೈಟ್ಸ್ ಇದ್ದರು. 26 ಜನರೂ ಗಂಡಸರು. ಇದು ಆಮೇಲೆ ಮುಖ್ಯವಾಗುತ್ತದೆ.

ಈ ಹೇಳಿಕೆಯ ಘೋಷಣೆ ಎಲ್ಲರ ಬಾಯಲ್ಲಿ ಉಳಿಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕ್ಲೂಗೆ ಆಮೇಲೆ ಮಾಡಿದ ಕೆಲಸ. ಅವರು ಓದಿದ್ದು ಕಾನೂನು. ಬಂಡಾಯದ ಮಾತಿನಿಂದ ಸಿನಿಮಾ ಆಗುವುದಿಲ್ಲ, ದುಡ್ಡು ಬೇಕು, ಆ ದುಡ್ಡಿಗೆ ಕಾನೂನಿನ ಬೆಂಬಲ ಬೇಕು ಎಂದು ಅವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಮಂತ್ರಿಗಳ, ಸಂಸದರ ಬೆನ್ನು ಹತ್ತಿದರು. 1965ರಲ್ಲಿ ಹೊಸಬರ ಮೊದಲ ಚಿತ್ರಕ್ಕೆ ಸಾಲ ಕೊಡುವ ಕ್ಯುರಾಟೋರಿಯಂ ಎಂಬ ನಿಧಿ ಶುರುವಾಯಿತು. ಸರ್ಕಾರ ಇಟ್ಟದ್ದು 50 ಲಕ್ಷ ಮಾರ್ಕ್. ಚಿತ್ರಕಥೆ ನೋಡಿ ಕೊಡುವ ಸಾಲ. ಮಾರುಕಟ್ಟೆಯಲ್ಲಿ ಓಡುತ್ತದೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯಲ್ಲ. ಮೂರು ವರ್ಷದಲ್ಲಿ ಸುಮಾರು 20 ಚಿತ್ರ ಬಂದವು. 1974ರಲ್ಲಿ ಸಾರ್ವಜನಿಕ ಟಿವಿ ವಾಹಿನಿಗಳೂ ಸಿನಿಮಾಕ್ಕೆ ದುಡ್ಡು ಹಾಕುವ ಒಪ್ಪಂದವಾಯಿತು. ನಾವು ಇವತ್ತು ನ್ಯೂ ಜರ್ಮನ್ ಸಿನಿಮಾ ಎಂದು ಮೆಚ್ಚುವ ಚಿತ್ರಗಳಲ್ಲಿ ಹೆಚ್ಚಿನವು ತೆರಿಗೆದಾರರ, ಟಿವಿ ಶುಲ್ಕ ಕಟ್ಟುವವರ ಹಣದಲ್ಲಿ ಹುಟ್ಟಿದವು. ಸರ್ಕಾರವನ್ನು ಟೀಕಿಸುವ ಚಿತ್ರಕ್ಕೆ ಸರ್ಕಾರದ್ದೇ ಹಣ! ಈ ಸಂಬಂಧ ಎಂದೂ ಸಲೀಸಾಗಿರಲಿಲ್ಲ.

ಆ ನಿಧಿಯ ನೆರವಿನಿಂದ ಬಂದ ಮೊದಲ ಚಿತ್ರಗಳಲ್ಲಿ ಕ್ಲೂಗೆ ಅವರದೇ ‘ಯೆಸ್ಟರ್‌ಡೇ ಗರ್ಲ್’ (1966) ಒಂದು. ವೆನಿಸ್‌ನಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಪಡೆಯಿತು. ನಾಯಕಿ ಅನಿತಾ ಜಿ., ಪೂರ್ವ ಜರ್ಮನಿಯಿಂದ ಬಂದ ಯೆಹೂದಿ ಹುಡುಗಿ. ಪಾತ್ರ ಮಾಡಿದವರು ಕ್ಲೂಗೆ ಅವರ ತಂಗಿ ಅಲೆಕ್ಸಾಂಡ್ರಾ. ಚಿತ್ರ ಶುರುವಾಗುವುದು ಕೋರ್ಟಿನಲ್ಲಿ. ಅವಳು ಯಾರದೋ ಸ್ವೆಟರ್ ಕದ್ದಿದ್ದಾಳೆ. ನ್ಯಾಯಾಧೀಶ ಅವಳ ಹಿನ್ನೆಲೆ ಓದುತ್ತಾನೆ. ನಾಜಿ ಕಾಲದಲ್ಲಿ ಅವಳ ಮನೆತನಕ್ಕೆ ಆದದ್ದರ ಪ್ರಸ್ತಾಪ ಬಂದರೆ, ಅದಕ್ಕೂ ಈ ಕಳ್ಳತನಕ್ಕೂ ಸಂಬಂಧವಿಲ್ಲ ಎಂದು ಪಕ್ಕಕ್ಕೆ ಸರಿಸುತ್ತಾನೆ. ಬೇಸಿಗೆಯಲ್ಲಿ ಸ್ವೆಟರ್ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಅವಳ ಉತ್ತರ: ನನಗೆ ಬೇಸಿಗೆಯಲ್ಲೂ ಚಳಿಯಾಗುತ್ತದೆ.

ಆ ಒಂದು ಉತ್ತರದಲ್ಲಿ ಇಡೀ ಚಿತ್ರವಿದೆ. ಕ್ಲೂಗೆ ಅದನ್ನು ದುಃಖದ ಸಂಗೀತ ಹಾಕಿ ಹಿಗ್ಗಿಸುವುದಿಲ್ಲ. ತಟ್ಟನೆ ಬೇರೆ ದೃಶ್ಯಕ್ಕೆ ಹಾರುತ್ತಾರೆ. ನಡುನಡುವೆ ತೆರೆಯ ಮೇಲೆ ಬರಹ ಬರುತ್ತದೆ, ಹಳೆಯ ಫೋಟೊ ಬರುತ್ತವೆ, ದೃಶ್ಯ ವೇಗವಾಗಿ ಓಡುತ್ತದೆ, ಎಲ್ಲಿಂದಲೋ ಟ್ಯಾಂಗೊ ಕೇಳುತ್ತದೆ. ಮಧ್ಯೆ ಒಬ್ಬ ನಿಜವಾದ ಮನುಷ್ಯ ಬಂದು ಕೋರ್ಟು ಹೇಗಿರಬೇಕು ಎಂದು ಮಾತಾಡುತ್ತಾರೆ. ಅವರು ಫ್ರಿಟ್ಸ್ ಬೌವರ್, ಫ್ರಾಂಕ್‌ಫರ್ಟ್‌ನ ಆಶ್‌ವಿಟ್ಸ್ ವಿಚಾರಣೆ (1963-65) ನಡೆಯುವಂತೆ ಮಾಡಿದ ಸರ್ಕಾರಿ ವಕೀಲರು. ಕಥೆ ನುಣುಪಾಗಿ ಹರಿದರೆ ನೋಡುವವರು ಅದರೊಳಗೆ ಮುಳುಗಿ ಹೋಗುತ್ತಾರೆ. ಹೊಲಿಗೆ ಕಾಣುವ ಹಾಗೆ ತುಂಡುತುಂಡಾಗಿ ಜೋಡಿಸಿದರೆ, ಆ ಸಂದುಗಳಲ್ಲಿ ತಾವೇ ಯೋಚಿಸಬೇಕಾಗುತ್ತದೆ. ಕ್ಲೂಗೆ ಅವರ ನಂಬಿಕೆ ಇದು.

ಇನ್ನೂ ಕಠಿಣ ದಾರಿ ಹಿಡಿದವರು ಝಾನ್-ಮಾರಿ ಸ್ಟ್ರೌಬ್ ಮತ್ತು ಡಾನಿಯೆಲ್ ಉಯಿಯೆ ದಂಪತಿ. ಅವರ ಚಿತ್ರಗಳಲ್ಲಿ ನಟರು ಭಾವನೆ ತುಂಬದೆ ಮಾತನ್ನು ಓದಿದ ಹಾಗೆ ಹೇಳುತ್ತಾರೆ. ಸಂಗೀತಗಾರ ಬಾಖ್ ಬಗೆಗಿನ 1968ರ ಚಿತ್ರದಲ್ಲಿ ಬಾಖ್ ಆಗಿ ಕೂತವರು ಗುಸ್ತಾವ್ ಲಿಯೊನ್‌ಹಾರ್ಟ್, ವೃತ್ತಿಯಿಂದ ಕೀಬೋರ್ಡ್ ವಾದಕರು. ನುಡಿಸಿದ್ದೆಲ್ಲ ಚಿತ್ರೀಕರಣದ ಸ್ಥಳದಲ್ಲೇ ಧ್ವನಿಮುದ್ರಣವಾಯಿತು. ಮೊದಲ ಸಲ ನೋಡಿದವರಿಗೆ ಬೇಜಾರು ಬರಬಹುದು. ಕಿವಿಯನ್ನು ಅದಕ್ಕೆ ಒಗ್ಗಿಸಿಕೊಂಡರೆ, ದುಡಿಮೆಯಾಗಿ ಕಾಣುವ ಸಂಗೀತ ಬೇರೆ ಯಾವ ಚಿತ್ರದಲ್ಲೂ ಹೀಗೆ ಸಿಕ್ಕುವುದಿಲ್ಲ.

ಹಾರುನ್ ಫರೋಕಿ 1969ರಲ್ಲಿ ತೆಗೆದ ಕಿರುಚಿತ್ರದ ಪ್ರಶ್ನೆಯೂ ಇದೇ. ವಿಯೆಟ್ನಾಂನಲ್ಲಿ ನೇಪಾಮ್ ಬಾಂಬಿನಿಂದ ಸುಟ್ಟವರ ಚಿತ್ರ ತೋರಿಸಿದರೆ ನೀವು ಕಣ್ಣು ಮುಚ್ಚಿಕೊಳ್ಳುತ್ತೀರಿ, ಆಮೇಲೆ ನೆನಪಿಗೂ ಕಣ್ಣು ಮುಚ್ಚುತ್ತೀರಿ. ಹಾಗಾದರೆ ತೋರಿಸುವುದು ಹೇಗೆ? ಅವರು ಮೇಜಿನ ಮುಂದೆ ಕೂತು ಉರಿಯುವ ಸಿಗರೇಟನ್ನು ತಮ್ಮ ತೋಳಿಗೆ ಒತ್ತುತ್ತಾರೆ. ಸಿಗರೇಟಿನ ಬಿಸಿ ಸುಮಾರು 400 ಡಿಗ್ರಿ, ನೇಪಾಮ್‌ನದು ಸುಮಾರು 3000 ಡಿಗ್ರಿ ಎಂದು ಧ್ವನಿಯೊಂದು ಹೇಳುತ್ತದೆ. ಅಷ್ಟೇ. ಉಳಿದ ಲೆಕ್ಕ ನಮ್ಮದು.

ಫಾಸ್‌ಬಿಂಡರ್: ಕಣ್ಣೀರನ್ನು ವಾಪಸ್ ತಂದವರು

ಮೆಲೋಡ್ರಾಮಾ, ಅಂದರೆ ಭಾವನೆ ಉಕ್ಕಿಸಿ ಅಳಿಸುವ ಕಥೆ, ನಾಜಿಗಳ ಅಸ್ತ್ರವಾಗಿತ್ತು, ಅದಕ್ಕೇ ಅದರ ಸಹವಾಸ ಬೇಡ ಎಂದು ಮೇಲೆ ಹೇಳಿದವರೆಲ್ಲ ನಿರ್ಧರಿಸಿದ್ದರು. ರೈನರ್ ವೆರ್ನರ್ ಫಾಸ್‌ಬಿಂಡರ್ ಉಲ್ಟಾ ಹೊರಟರು. 1945ರ ಮೇ 31ರಂದು, ಯುದ್ಧ ಮುಗಿದ ಕೆಲವೇ ವಾರಕ್ಕೆ ಹುಟ್ಟಿದವರು. 37ನೇ ವಯಸ್ಸಿಗೆ ತೀರಿಕೊಂಡರು. ಅಷ್ಟರಲ್ಲಿ 40ಕ್ಕೂ ಹೆಚ್ಚು ಚಿತ್ರ, ಟಿವಿ ಸರಣಿಗಳನ್ನು ಮಾಡಿದ್ದರು. ಬರ್ಲಿನ್‌ನ ಹೊಸ ಫಿಲಂ ಶಾಲೆ ಅವರಿಗೆ ಸೀಟು ಕೊಟ್ಟಿರಲಿಲ್ಲ.

ಅವರ ಗುರು ಸಿಕ್ಕಿದ್ದು ಹಾಲಿವುಡ್‌ನಲ್ಲಿ. ಡಗ್ಲಸ್ ಸರ್ಕ್ ಎಂಬ ಹೆಸರಿನಲ್ಲಿ ಐವತ್ತರ ದಶಕದ ಅಮೆರಿಕದ ಕೌಟುಂಬಿಕ ಚಿತ್ರಗಳನ್ನು ತೆಗೆದವರು ಮೂಲದಲ್ಲಿ ಜರ್ಮನಿಯ ಡೆಟ್ಲೆಫ್ ಸಿಯರ್ಕ್. ಯೂಫಾ ಸ್ಟುಡಿಯೊದಲ್ಲಿ ಹೆಸರು ಮಾಡಿ, ಹೆಂಡತಿ ಯೆಹೂದಿಯಾಗಿದ್ದರಿಂದ 1937ರಲ್ಲಿ ದೇಶ ಬಿಟ್ಟವರು. 1971ರಲ್ಲಿ ಅವರ ಚಿತ್ರಗಳನ್ನು ನೋಡಿದ ಫಾಸ್‌ಬಿಂಡರ್‌ಗೆ ಒಂದು ವಿಷಯ ಹೊಳೆಯಿತು. ಜನರನ್ನು ಅಳಿಸುತ್ತಲೇ, ಈ ಅಳು ಎಲ್ಲಿಂದ ಬಂತು ಎಂದು ತೋರಿಸಬಹುದು. ಅಳುವವರನ್ನು ಬೈಯಬೇಕಾಗಿಲ್ಲ.

‘ಆಲಿ: ಫಿಯರ್ ಈಟ್ಸ್ ದ ಸೋಲ್’ (1974) ಅದರ ಫಲ. ಸುಮಾರು ಎರಡು ವಾರದಲ್ಲಿ ಚಿತ್ರೀಕರಿಸಿದ್ದು. ಮ್ಯೂನಿಕ್‌ನಲ್ಲಿ ಮನೆ, ಕಚೇರಿ ಗುಡಿಸಿ ಒರೆಸುವ ವಿಧವೆ ಎಮ್ಮಿ, ಅವಳಿಗಿಂತ ತುಂಬಾ ಚಿಕ್ಕವನಾದ ಮೊರಾಕ್ಕೊದ ಕೆಲಸಗಾರ ಆಲಿಯನ್ನು ಮದುವೆಯಾಗುತ್ತಾಳೆ. ಹಿನ್ನೆಲೆ ತಿಳಿದಿರಲಿ: ಪಶ್ಚಿಮ ಜರ್ಮನಿ 1955ರಿಂದ ಇಟಲಿ, ಟರ್ಕಿ, ಮೊರಾಕ್ಕೊದಂಥ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ಲಕ್ಷಗಟ್ಟಲೆ ಕೆಲಸಗಾರರನ್ನು ಕರೆಸಿಕೊಂಡಿತ್ತು. ತೈಲ ಬಿಕ್ಕಟ್ಟಿನ ಹೊತ್ತಿಗೆ, 1973ರ ನವೆಂಬರ್‌ನಲ್ಲಿ ಬಾಗಿಲು ಮುಚ್ಚಿತು.

ಎಮ್ಮಿ ಒಳ್ಳೆಯವಳು. ಅವಳ ಒಳ್ಳೆಯತನದಲ್ಲಿ ಅನುಮಾನವಿಲ್ಲ. ಹಿಂದೆ ತಾನೂ ನಾಜಿ ಪಕ್ಷದಲ್ಲಿದ್ದೆ, ಆಗ ಹೆಚ್ಚುಕಡಿಮೆ ಎಲ್ಲರೂ ಇದ್ದರಲ್ಲ ಎಂದು ಸಹಜವಾಗಿ ಹೇಳುತ್ತಾಳೆ. ಮದುವೆಯ ದಿನ ಊಟಕ್ಕೆ ಒಂದು ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಾಳೆ. ಹಿಟ್ಲರ್ ಇಲ್ಲಿ ಊಟ ಮಾಡುತ್ತಿದ್ದನಂತೆ, ನನಗೂ ಒಂದು ಸಲ ಬರಬೇಕೆಂದು ತುಂಬಾ ಆಸೆ ಇತ್ತು ಎನ್ನುತ್ತಾಳೆ. ಅವಳ ದನಿಯಲ್ಲಿ ಬರೀ ಖುಷಿ. ಫಾಸ್‌ಬಿಂಡರ್ ಅವಳ ಮುಖವನ್ನು ಹತ್ತಿರದಿಂದ ತೋರಿಸಿ ಖಂಡಿಸುವುದಿಲ್ಲ. ಕ್ಯಾಮೆರಾ ಬಾಗಿಲಾಚೆ ದೂರ ನಿಲ್ಲುತ್ತದೆ. ಖಾಲಿ ಹೋಟೆಲು, ಚೌಕಟ್ಟಿನೊಳಗೆ ಇಬ್ಬರು, ಮೆನು ಅರ್ಥವಾಗದ ಮುಜುಗರ.

ಇಡೀ ಚಿತ್ರದಲ್ಲಿ ಹೀಗೇ ಬಾಗಿಲು, ಕಂಬಿ, ಕಿಟಕಿ. ಯಾರಾದರೂ ಯಾರನ್ನಾದರೂ ದಿಟ್ಟಿಸುತ್ತಲೇ ಇರುತ್ತಾರೆ, ಮಾತಾಡುವುದಕ್ಕಿಂತ ಜಾಸ್ತಿ ಹೊತ್ತು. ಒಂದು ದೃಶ್ಯವನ್ನಂತೂ ನಿಧಾನಕ್ಕೆ ನೋಡಬೇಕು. ಮದುವೆಯ ನಂತರ ಎಮ್ಮಿಯ ಜೊತೆಗೆಲಸದವರು ಊಟದ ಹೊತ್ತಿನಲ್ಲಿ ಅವಳನ್ನು ದೂರ ಮಾಡುತ್ತಾರೆ. ಮೆಟ್ಟಿಲ ಮೇಲೆ ಅವಳೊಬ್ಬಳೇ ಕೂತಿದ್ದಾಳೆ, ಮುಂದೆ ಕಟಾಂಜನದ ಕಂಬಿಗಳು. ಕೆಲವು ಕಾಲ ಕಳೆದ ಮೇಲೆ ಎಲ್ಲರೂ ಅವಳ ಬಳಿ ಬರುತ್ತಾರೆ. ಮಗನಿಗೆ ಮಗು ನೋಡಿಕೊಳ್ಳುವವರು ಬೇಕು, ಪಕ್ಕದ ಮನೆಯವರಿಗೆ ಸಾಮಾನು ಇಡಲು ನೆಲಮಾಳಿಗೆ ಬೇಕು, ದಿನಸಿ ಅಂಗಡಿಯವನಿಗೆ ಗಿರಾಕಿ ಬೇಕು. ದ್ವೇಷ ಕರಗಿದ್ದು ಮನಸ್ಸು ಬದಲಾಗಿ ಅಲ್ಲ, ಗರಜು ಬಿದ್ದು. ಅಷ್ಟರಲ್ಲಿ ಯುಗೊಸ್ಲಾವಿಯಾದಿಂದ ಯೊಲಾಂಡಾ ಎಂಬ ಹೊಸ ಕೆಲಸದವಳು ಬಂದಿದ್ದಾಳೆ. ಈಗ ಅದೇ ಮೆಟ್ಟಿಲು, ಅದೇ ಕಂಬಿಗಳು, ಅದೇ ಚೌಕಟ್ಟು. ಒಂಟಿಯಾಗಿ ಕೂತವಳು ಯೊಲಾಂಡಾ. ದೂರ ಮಾಡುವವರ ಗುಂಪಿನಲ್ಲಿ ಎಮ್ಮಿ ಇದ್ದಾಳೆ.

ಒಂದೇ ಒಂದು ಭಾಷಣ ಇಲ್ಲ. ಎರಡು ದೃಶ್ಯಗಳ ಚೌಕಟ್ಟು ಒಂದೇ ಆಗಿರುವುದರಿಂದ ಎಲ್ಲ ಹೇಳಿಯಾಯಿತು. ರಾಜಕೀಯವೂ ಸೌಂದರ್ಯವೂ ಬೇರೆಬೇರೆ ಅಧ್ಯಾಯ ಎಂದು ಯಾರಾದರೂ ಹೇಳಿದರೆ ನಾನು ಈ ಎರಡು ಷಾಟ್‌ಗಳನ್ನು ತೋರಿಸುತ್ತೇನೆ.

‘ದ ಮ್ಯಾರೇಜ್ ಆಫ್ ಮರಿಯಾ ಬ್ರೌನ್’ (1979) ಚಿತ್ರದಲ್ಲಿ ಇದೇ ಕೆಲಸವನ್ನು ಶಬ್ದ ಮಾಡುತ್ತದೆ. ಬಾಂಬ್ ದಾಳಿಯ ನಡುವೆ ಮದುವೆಯಾಗಿ, ಗಂಡ ಕಾಣೆಯಾಗಿ, ತನ್ನ ಬುದ್ಧಿಯಿಂದ ಶ್ರೀಮಂತಳಾಗುವ ಮರಿಯಾ ಪಶ್ಚಿಮ ಜರ್ಮನಿಯ ‘ಆರ್ಥಿಕ ಪವಾಡ’ದ ಹಾಗೇ ಬೆಳೆಯುತ್ತಾಳೆ. ಹಿನ್ನೆಲೆಯಲ್ಲಿ ರೇಡಿಯೊ ನಿಲ್ಲುವುದೇ ಇಲ್ಲ. ಒಂದು ಕಡೆ ದೇಶದ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥರಾದ ಅಡೆನೌವರ್ ಮತ್ತೆ ಸೈನ್ಯ ಕಟ್ಟುವುದಿಲ್ಲ ಎನ್ನುವುದು ಕೇಳುತ್ತದೆ. ಮುಂದೆ ಅದೇ ಅಡೆನೌವರ್ ಸೈನ್ಯ ಕಟ್ಟುವುದು ನಮ್ಮ ಹಕ್ಕು ಎನ್ನುತ್ತಾರೆ. ಪಾತ್ರಗಳು ಊಟ ಮಾಡುತ್ತಿರುತ್ತಾರೆ, ಯಾರೂ ಕಿವಿಗೊಡುವುದಿಲ್ಲ. ಕೊನೆಯಲ್ಲಿ 1954ರ ವಿಶ್ವಕಪ್ ಫುಟ್‌ಬಾಲ್ ಫೈನಲ್. ಬರ್ನ್‌ನಲ್ಲಿ ಜರ್ಮನಿ ಹಂಗೇರಿಯನ್ನು 3-2ರಿಂದ ಸೋಲಿಸುತ್ತದೆ. ವೀಕ್ಷಕ ವಿವರಣೆಗಾರ ಸಂಭ್ರಮದಲ್ಲಿ ಕೂಗುತ್ತಿರುವಾಗಲೇ ಗ್ಯಾಸ್ ಸ್ಫೋಟದಲ್ಲಿ ಮರಿಯಾಳ ಮನೆ ಹಾರಿಹೋಗುತ್ತದೆ. ಚಿತ್ರ ಶುರುವಾದದ್ದು ಹಿಟ್ಲರನ ಫೋಟೊ ಒಡೆದು ಬೀಳುವುದರಿಂದ. ಮುಗಿಯುವುದು ಯುದ್ಧಾನಂತರದ ಚಾನ್ಸಲರ್‌ಗಳ ಫೋಟೊಗಳಿಂದ, ಅದೂ ನೆಗೆಟಿವ್‌ನಲ್ಲಿ. ಆ ಸಾಲಿನಲ್ಲಿ ವಿಲ್ಲಿ ಬ್ರಾಂಟ್ ಇಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಟ್ಟಿದ್ದ ಅವರೊಬ್ಬರನ್ನು ಫಾಸ್‌ಬಿಂಡರ್ ಆ ಸಾಲಿಗೆ ಸೇರಿಸಲಿಲ್ಲ.

ಈ ಪೀಳಿಗೆಯ ಉಳಿದ ಇಬ್ಬರ ಹೆಸರು ಎಲ್ಲರಿಗೂ ಗೊತ್ತು. ವೆರ್ನರ್ ಹೆರ್ಜಾಗ್ ಕಾಡು, ಮರುಭೂಮಿಗಳಿಗೆ ಹೋದರು. ವಿಮ್ ವೆಂಡರ್ಸ್ ರಸ್ತೆ ಹಿಡಿದರು. ‘ಕಿಂಗ್ಸ್ ಆಫ್ ದ ರೋಡ್’ (1976) ಚಿತ್ರದಲ್ಲಿ ಎರಡು ಜರ್ಮನಿಗಳ ಗಡಿಯುದ್ದಕ್ಕೂ ಸಣ್ಣ ಊರುಗಳ ಪ್ರೊಜೆಕ್ಟರ್ ರಿಪೇರಿ ಮಾಡುತ್ತ ಹೋಗುವವನೊಬ್ಬ ಇದ್ದಾನೆ. ಅಮೆರಿಕನ್ನರು ನಮ್ಮ ಒಳಮನಸ್ಸನ್ನೇ ವಸಾಹತು ಮಾಡಿಕೊಂಡರು ಎಂಬ ಮಾತು ಬರುವುದು ಅದರಲ್ಲೇ. ಅಪ್ಪಂದಿರ ಸಿನಿಮಾ ನಂಬಲಾಗದವರಿಗೆ ಹಾಲಿವುಡ್ಡೇ ಬಾಲ್ಯ. ಅದನ್ನು ಪ್ರೀತಿಸುತ್ತಲೇ ಅದರ ಭಾರ ಹೊರಬೇಕಾದ ಪಾಡು.

1977ರ ಶರತ್ಕಾಲ

ಮಾತಾಡದ ಅಪ್ಪಂದಿರ ಮೇಲಿನ ಸಿಟ್ಟು ಕೆಲವರನ್ನು ಬಂದೂಕಿನತ್ತ ಒಯ್ದಿತು. ರೆಡ್ ಆರ್ಮಿ ಫ್ಯಾಕ್ಷನ್ ಎಂಬ ಉಗ್ರ ಎಡಪಂಥೀಯ ಗುಂಪು 1977ರ ಸೆಪ್ಟೆಂಬರ್ 5ರಂದು ಉದ್ಯಮಿಗಳ ಒಕ್ಕೂಟದ ಮುಖ್ಯಸ್ಥ ಹಾನ್ಸ್ ಮಾರ್ಟಿನ್ ಷ್ಲೇಯರ್ ಅವರನ್ನು ಅಪಹರಿಸಿತು. ಅವರು ಹಿಂದೆ ಎಸ್‌ಎಸ್ ಅಧಿಕಾರಿಯಾಗಿದ್ದವರು. ಅಕ್ಟೋಬರ್‌ನಲ್ಲಿ ವಿಮಾನ ಅಪಹರಣ, ಸೊಮಾಲಿಯಾದ ಮೊಗದಿಷುವಿನಲ್ಲಿ ಕಮಾಂಡೊ ಕಾರ್ಯಾಚರಣೆ, ಸ್ಟಾಮ್‌ಹೈಮ್ ಜೈಲಿನಲ್ಲಿ ಗುಂಪಿನ ಮೂವರು ನಾಯಕರ ಸಾವು, ಆಮೇಲೆ ಷ್ಲೇಯರ್ ಅವರ ಕೊಲೆ. ದೇಶ ಉಸಿರು ಬಿಗಿ ಹಿಡಿದಿತ್ತು. ಪತ್ರಿಕೆ, ಟಿವಿಗಳಲ್ಲಿ ಭಿನ್ನ ಮಾತು ಆಡಿದವರನ್ನು ಭಯೋತ್ಪಾದಕರ ಗೆಳೆಯರೆಂದು ಕರೆಯುವ ಕಾಲ.

ಕೆಲವೇ ತಿಂಗಳಲ್ಲಿ ಹಲವು ನಿರ್ದೇಶಕರು ಸೇರಿ ‘ಜರ್ಮನಿ ಇನ್ ಆಟಮ್’ (1978) ಮಾಡಿದರು. ಸರ್ಕಾರದ ಹಣವಿಲ್ಲ, ಟಿವಿಯ ಹಣವಿಲ್ಲ. ಫಾಸ್‌ಬಿಂಡರ್ ತಮ್ಮದೇ ಮನೆಯಲ್ಲಿ, ತಮ್ಮದೇ ತಾಯಿಯನ್ನು ಕೂರಿಸಿಕೊಂಡು ಪ್ರಜಾಪ್ರಭುತ್ವದ ಬಗ್ಗೆ ವಾದಕ್ಕಿಳಿಯುತ್ತಾರೆ. ಒಳ್ಳೆಯ, ಪ್ರೀತಿಯ, ಶಿಸ್ತಿನ ಒಬ್ಬ ಸರ್ವಾಧಿಕಾರಿ ಇದ್ದರೆ ಚೆನ್ನ ಎಂದು ಕೊನೆಗೆ ಆ ತಾಯಿ ಹೇಳಿಬಿಡುತ್ತಾರೆ. ಚಿತ್ರದಲ್ಲಿ ಎರಡು ಶವಸಂಸ್ಕಾರಗಳೂ ಇವೆ: ಶುರುವಿನಲ್ಲಿ ಷ್ಲೇಯರ್ ಅವರದು, ಸರ್ಕಾರಿ ಗೌರವದೊಂದಿಗೆ. ಕೊನೆಯಲ್ಲಿ ಜೈಲಿನಲ್ಲಿ ಸತ್ತ ಮೂವರದು, ಪೊಲೀಸ್ ಕಾವಲಿನೊಂದಿಗೆ. ಆ ಮೂವರನ್ನು ಊರ ಸ್ಮಶಾನದಲ್ಲಿ ಹೂಳಬಾರದು ಎಂಬ ಗದ್ದಲವಿದ್ದಾಗ ಅನುಮತಿ ಕೊಟ್ಟವರು ಸ್ಟುಟ್‌ಗಾರ್ಟ್‌ನ ಮೇಯರ್ ಮಾನ್‌ಫ್ರೆಡ್ ರೊಮ್ಮೆಲ್. ಅವರ ತಂದೆ ಫೀಲ್ಡ್ ಮಾರ್ಷಲ್ ರೊಮ್ಮೆಲ್. 1944ರಲ್ಲಿ ಹಿಟ್ಲರ್ ಆತನನ್ನು ಆತ್ಮಹತ್ಯೆಗೆ ದೂಡಿ, ಆಮೇಲೆ ಅದ್ದೂರಿಯಾಗಿ ಸರ್ಕಾರಿ ಅಂತ್ಯಕ್ರಿಯೆ ಮಾಡಿಸಿದ್ದ. ಆ ಹಳೆಯ ಸುದ್ದಿಚಿತ್ರವೂ ಈ ಸಿನಿಮಾದೊಳಗಿದೆ. ಯಾವ ಶವಕ್ಕೆ ಯಾವ ಮರ್ಯಾದೆ ಎಂದು ಸರ್ಕಾರ ನಿರ್ಧರಿಸುವುದನ್ನು ಮೂರು ಸಲ ನೋಡುತ್ತೇವೆ. ಹೋಲಿಸುವ ಕೆಲಸ ನಮಗೆ ಬಿಟ್ಟದ್ದು.

ಒಬರ್‌ಹೌಸನ್‌ನಲ್ಲಿ ಸಹಿ ಹಾಕಿದವರೆಲ್ಲ ಗಂಡಸರು ಅಂದೆನಲ್ಲ. ಹೆಣ್ಣುಮಕ್ಕಳು ತಮ್ಮ ಜಾಗವನ್ನು ತಾವೇ ಮಾಡಿಕೊಳ್ಳಬೇಕಾಯಿತು. 1974ರಲ್ಲಿ ಹೆಲ್ಕೆ ಸಾಂಡರ್ ‘ಫ್ರೌವೆನ್ ಉಂಡ್ ಫಿಲ್ಮ್’ ಎಂಬ ಪತ್ರಿಕೆ ಶುರು ಮಾಡಿದರು. ಮಾರ್ಗರೆಟೆ ಫಾನ್ ಟ್ರೊಟ್ಟಾ, ಸ್ಟಾಮ್‌ಹೈಮ್‌ನಲ್ಲಿ ಸತ್ತವರಲ್ಲಿ ಒಬ್ಬಳಾದ ಗುಡ್ರುನ್ ಎನ್ಸ್ಲಿನ್ ಮತ್ತು ಅವಳ ಅಕ್ಕನ ಬದುಕನ್ನು ಆಧರಿಸಿ 1981ರಲ್ಲಿ ತೆಗೆದ ಚಿತ್ರ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದಿತು. ಹೆಲ್ಮಾ ಸಾಂಡರ್ಸ್-ಬ್ರಾಮ್ಸ್ ಅವರ ‘ಜರ್ಮನಿ, ಪೇಲ್ ಮದರ್’ (1980) ನನಗೆ ಹೆಚ್ಚು ಹತ್ತಿರ. ಯುದ್ಧ ನಡೆಯುವಾಗ ಒಬ್ಬಂಟಿಯಾಗಿ ಮಗಳನ್ನು ಸಾಕುವ ತಾಯಿ ಗಟ್ಟಿಗಿತ್ತಿ. ಶಾಂತಿ ಬಂದು, ಗಂಡ ಮರಳಿ, ಮತ್ತೆ ಅಡುಗೆಮನೆ ಸೇರಿದ ಮೇಲೆ ಅವಳ ಅರ್ಧ ಮುಖ ಪಾರ್ಶ್ವವಾಯುವಿನಿಂದ ಸೊರಗುತ್ತದೆ. ಹೊರಗಿನ ಯುದ್ಧ ನಿಂತಿತು, ಮನೆಯೊಳಗಿನದು ಶುರುವಾಯಿತು ಎಂಬುದನ್ನು ಷ್ಟೌಡ್ಟೆಯ ಸುಸಾನೆಗೆ ಹೇಳಲು ಅವಕಾಶವಿರಲಿಲ್ಲ.

ಗೋಡೆಯ ಆಚೆ

ಇಷ್ಟು ಹೊತ್ತೂ ಪಶ್ಚಿಮದ ಮಾತೇ ಆಯಿತು. ಸಾಮಾನ್ಯವಾಗಿ ಎಲ್ಲ ಬರಹಗಳೂ ಹೀಗೇ ಆಗುತ್ತವೆ, ಅದು ಅನ್ಯಾಯ. ಪೂರ್ವ ಜರ್ಮನಿಯ ಡೆಫಾ, ನಾಜಿಗಳ ಪ್ರಶ್ನೆಯನ್ನು ಪಶ್ಚಿಮದವರಿಗಿಂತ ಮೊದಲೇ, ನೇರವಾಗಿ ಎತ್ತಿಕೊಂಡಿತ್ತು. ಕೋನ್ರಾಡ್ ವೋಲ್ಫ್ ಅವರ ‘ಐ ವಾಸ್ ನೈನ್‌ಟೀನ್’ (1968) ನೋಡಿ. ಹುಡುಗನಿದ್ದಾಗಲೇ ಅಪ್ಪ ಅಮ್ಮನ ಜೊತೆ ಮಾಸ್ಕೊಗೆ ಓಡಿಹೋಗಿದ್ದ ವೋಲ್ಫ್, 1945ರಲ್ಲಿ ಸೋವಿಯತ್ ಸೈನ್ಯದ ಸಮವಸ್ತ್ರದಲ್ಲಿ ತಾಯ್ನಾಡಿಗೆ ಮರಳಿದವರು. ಚಿತ್ರದ ಹುಡುಗನೂ ಹಾಗೇ. ಧ್ವನಿವರ್ಧಕ ಕಟ್ಟಿದ ವಾಹನದಲ್ಲಿ ಕೂತು, ಶರಣಾಗಿ ಎಂದು ತನ್ನದೇ ಭಾಷೆಯಲ್ಲಿ ತನ್ನದೇ ದೇಶದವರನ್ನು ಕೂಗುತ್ತಾನೆ. ಗೆದ್ದವರಲ್ಲೂ ಅವನು ಪೂರ್ತಿ ಸೇರಿಲ್ಲ, ಸೋತವರಲ್ಲೂ ಸೇರಿಲ್ಲ. ಡೈರಿಯ ಪುಟಗಳಂತೆ ಬಿಡಿಬಿಡಿಯಾಗಿ ಸಾಗುವ ಚಿತ್ರ.

ಆದರೆ ಅಲ್ಲಿ ನಿನ್ನೆಯ ಬಗ್ಗೆ ಕೇಳಬಹುದಿತ್ತು, ಇವತ್ತಿನ ಬಗ್ಗೆ ಕೇಳುವಂತಿರಲಿಲ್ಲ. 1961ರಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಕಲಾವಿದರಿಗೆ ಒಂದು ಆಸೆ ಹುಟ್ಟಿತ್ತು: ಶತ್ರು ಹೊರಗುಳಿದನಲ್ಲ, ಇನ್ನು ಒಳಗಿನ ಕುಂದುಗಳನ್ನು ಮಾತಾಡಬಹುದು. 1965ರ ಡಿಸೆಂಬರ್‌ನಲ್ಲಿ ಆಳುವ ಪಕ್ಷದ ಕೇಂದ್ರ ಸಮಿತಿಯ 11ನೇ ಸಭೆ ಆ ಆಸೆಯನ್ನು ಮುರಿಯಿತು. ಹೆಚ್ಚುಕಡಿಮೆ ಒಂದು ವರ್ಷದ ಇಡೀ ಉತ್ಪಾದನೆ, ಹನ್ನೆರಡರಷ್ಟು ಚಿತ್ರಗಳು, ನಿಷೇಧವಾದವು ಇಲ್ಲವೇ ಅರ್ಧಕ್ಕೆ ನಿಂತವು. ಕುರ್ಟ್ ಮೇಟ್ಸಿಗ್ ಅವರ ‘ದ ರ‍್ಯಾಬಿಟ್ ಈಸ್ ಮಿ’ಯಲ್ಲಿ ಅಣ್ಣ ರಾಜಕೀಯ ಕೇಸಿನಲ್ಲಿ ಜೈಲಿಗೆ ಹೋದ ಕಾರಣ ತಂಗಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚುತ್ತದೆ. ಅಣ್ಣನಿಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶನನ್ನೇ ಅವಳು ಪ್ರೀತಿಸುತ್ತಾಳೆ. ಮೇಟ್ಸಿಗ್ ಡೆಫಾ ಕಟ್ಟಿದವರಲ್ಲಿ ಒಬ್ಬರು. ಅವರೇ ಪಕ್ಷದ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಬರೆಯಬೇಕಾಯಿತು. ನಿಷೇಧವಾದ ಎಲ್ಲ ಚಿತ್ರಗಳಿಗೂ ಆಮೇಲೆ ‘ಮೊಲದ ಚಿತ್ರಗಳು’ ಎಂಬ ಹೆಸರೇ ಬಿತ್ತು. ಮುಂದಿನ ವರ್ಷ ಫ್ರಾಂಕ್ ಬೇಯರ್ ಅವರ ‘ಟ್ರೇಸ್ ಆಫ್ ಸ್ಟೋನ್ಸ್’ ಬಿಡುಗಡೆಯಾಯಿತು. ಥಿಯೇಟರಿನಲ್ಲಿ ಗಲಾಟೆ ಮಾಡಲು ಪಕ್ಷ ಜನ ಕಳಿಸಿತು. ಕೆಲವೇ ದಿನದಲ್ಲಿ ಚಿತ್ರ ಮಾಯ. ಮತ್ತೆ ಜನ ಅದನ್ನು ನೋಡಿದ್ದು ಗೋಡೆ ಬಿದ್ದ ಮೇಲೆ.

ಪಶ್ಚಿಮದಲ್ಲಿ ಹೀಗೆ ಚಿತ್ರಗಳನ್ನು ಕಪಾಟಿಗೆ ಹಾಕಿ ಬೀಗ ಜಡಿಯುತ್ತಿರಲಿಲ್ಲ. ಅಲ್ಲಿ ಅಸ್ತ್ರ ದುಡ್ಡು. 1982ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಬಂತು. ಗೃಹಮಂತ್ರಿ ಫ್ರೀಡ್ರಿಕ್ ಝಿಮ್ಮರ್‌ಮಾನ್ ಧರ್ಮನಿಂದೆಯ ಆರೋಪ ಹೊತ್ತ ಹೆರ್ಬರ್ಟ್ ಆಖ್ಟರ್ನ್‌ಬುಷ್ ಅವರ ಚಿತ್ರವೊಂದಕ್ಕೆ ಬರಬೇಕಿದ್ದ ಸರ್ಕಾರಿ ಹಣ ತಡೆದರು. 1982ರ ಜೂನ್‌ನಲ್ಲಿ ಫಾಸ್‌ಬಿಂಡರ್ ತೀರಿಕೊಂಡಿದ್ದರು, ಮಾರ್ಚ್‌ನಲ್ಲಿ ಆ ಕಡೆ ಕೋನ್ರಾಡ್ ವೋಲ್ಫ್. ಎರಡೂ ಕಡೆ ಒಂದು ಕಾಲ ಮುಗಿಯಿತು.

ಎಲ್ಲಿಂದ ನೋಡಲು ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು: ಮೊದಲು ‘ಆಲಿ’. ಒಂದೂವರೆ ಗಂಟೆಯ ಚಿತ್ರ, ಯಾವ ಪೀಠಿಕೆಯೂ ಬೇಡ. ಆಮೇಲೆ ‘ಯೆಸ್ಟರ್‌ಡೇ ಗರ್ಲ್’ ಮತ್ತು ‘ಟ್ರೇಸ್ ಆಫ್ ಸ್ಟೋನ್ಸ್’ ಎರಡನ್ನೂ ಒಂದೇ ವಾರದಲ್ಲಿ ನೋಡಿ. ಎರಡೂ 1966ರವು, ಗೋಡೆಯ ಆಚೆ ಈಚೆ. ಎರಡರಲ್ಲೂ ಮೇಜಿನ ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಉತ್ತರ ಕೊಡಬೇಕಾದ ಮನುಷ್ಯರು. ಕ್ಯಾಮೆರಾ ಮೇಜಿನ ಯಾವ ಬದಿಯಲ್ಲಿ ನಿಂತಿದೆ ಎಂದು ಗಮನಿಸುತ್ತ ಹೋಗಿ.